ಹೊಂದಿಕೆ

ಹಳೆಯ ಮೋಟಾರನ್ನು ರಿಪೇರಿಗೆ ಹಾಕಿದವನನ್ನು ಕಂಡರೆ ಲೋಕಕ್ಕೆ ಒಂದು ಬಗೆಯ ಮರುಕ. “ಏನು ಸ್ವಾಮಿ, ಇನ್ನೂ ಮುಗಿಯಲಿಲ್ಲವೆ?” ಎಂದು ಕೇಳದವರಿಲ್ಲ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಎರಡು ವರ್ಷಗಳ ಕಾಲ ಈ ಪ್ರಶ್ನೆಯೇ ನನಗೆ ಬೆಳಗಿನ ನಮಸ್ಕಾರವಾಗಿತ್ತು. ಮನೆ ಕಟ್ಟಿಸುತ್ತಿರುವವನನ್ನೂ ಪಿಎಚ್.ಡಿ. ಬರೆಯುತ್ತಿರುವವನನ್ನೂ ಕೇಳುವ ದನಿಯಲ್ಲಿಯೇ ಅವರು ಕೇಳುತ್ತಿದ್ದರು, ಉತ್ತರವನ್ನೇನೂ ನಿರೀಕ್ಷಿಸುತ್ತಿರಲಿಲ್ಲ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಹೇಳಬೇಕೆಂದು ಕುಳಿತಿದ್ದೇನೆ. ಕಾರು ಮುಗಿದಿದೆ, ಓಡುತ್ತದೆ. ಆದರೆ ನಾನು ಮಾಡಿದ ಒಂದು ಕೆಲಸ ನನ್ನನ್ನು ಇನ್ನೂ ಬಿಟ್ಟಿಲ್ಲ.

ಕಾರು ನಮ್ಮ ತಂದೆಯವರದು. ಸ್ಟಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿನದು, 1965ರದು. ತಂದೆ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಅವರು 1978ರಲ್ಲಿ ಅದನ್ನು ಕೊಳ್ಳುವ ವೇಳೆಗೆ ಅದು ಆಗಲೇ ಇಬ್ಬರು ಯಜಮಾನರನ್ನು ಕಂಡಿತ್ತು. ಅಂದಿನಿಂದ 2001ರವರೆಗೆ ನಮ್ಮ ಸಂಸಾರದ ಮದುವೆ ಮುಂಜಿ, ಆಸ್ಪತ್ರೆ, ನಂಜನಗೂಡಿನ ತೇರು ಎಲ್ಲವೂ ಅದರ ಬೆನ್ನ ಮೇಲೆಯೇ ನಡೆದವು. ಹೆರಾಲ್ಡಿಗೆ ಒಂದು ಹೆಚ್ಚುಗಾರಿಕೆ ಇದ್ದಿತು: 25 ಅಡಿಯ ಜಾಗದಲ್ಲಿ ಅದು ಒಂದು ಸುತ್ತು ತಿರುಗಬಲ್ಲುದು. ನಮ್ಮ ಬೀದಿಯ ಕೊನೆಯಲ್ಲಿ, ಬೇರೆ ಕಾರುಗಳವರು ಹಿಂದೆ ಮುಂದೆ ಎಳೆದಾಡುವ ಕಡೆ, ತಂದೆ ಒಂದೇ ಸಲಕ್ಕೆ ತಿರುಗಿಸಿಕೊಂಡು ಬಂದು ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡುತ್ತಿದ್ದರು. ಅವರಿಗೆ ಬೇರೆ ಯಾವ ಜಂಭವೂ ಇರಲಿಲ್ಲ. ಆಮೇಲೆ ಅದು ಹಿತ್ತಲ ಶೆಡ್ಡಿನಲ್ಲಿ ನಿಂತಿತು. 2019ರಲ್ಲಿ ತಂದೆ ಹೋದರು. ಅದಾದ ಮೇಲೆ ಶೆಡ್ಡಿನ ಕಡೆಗೆ ಹೋಗುವುದು ತಾಯಿಗೆ ಕಷ್ಟವಾಯಿತು, ಹೋಗದಿರುವುದು ನನಗೆ ಕಷ್ಟವಾಯಿತು.

ಈ ಹೆರಾಲ್ಡಿನ ಜಾತಕವನ್ನು ಸ್ವಲ್ಪ ಹೇಳದಿದ್ದರೆ ಮುಂದಿನ ಮಾತು ತಿಳಿಯುವುದಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಸ್ಟಾಂಡರ್ಡ್-ಟ್ರಯಂಫ್ ಕಂಪನಿಯವರಿಗೆ ಕಾರಿನ ಮೈಯನ್ನು ಒತ್ತಿಕೊಡುತ್ತಿದ್ದ ಕಾರಖಾನೆಯನ್ನು 1953ರಲ್ಲಿ ಅವರ ಎದುರಾಳಿ ಕಂಪನಿಯೊಂದು ಕೊಂಡುಕೊಂಡಿತು. ಇಡೀ ಮೈಯನ್ನು ಒಂದೇ ಕಡೆ ಮಾಡಿಕೊಡುವವರು ಇಲ್ಲವಾದಾಗ, ಅವರು ಮೈಯನ್ನು ತುಂಡುತುಂಡಾಗಿ ಬೇರೆಬೇರೆ ಕಡೆ ಮಾಡಿಸಿ, ಕೊನೆಗೆ ಬೋಲ್ಟು ಹಾಕಿ ಜೋಡಿಸುವ ಉಪಾಯ ಹೂಡಿದರು. ಕೆಳಗೆ ಬೆನ್ನೆಲುಬಿನಂಥ ಚಾಸಿ; ಅದರಿಂದ ಪಕ್ಕೆಲುಬುಗಳ ಹಾಗೆ ಎರಡೂ ಕಡೆ ಚಾಚಿದ ಕಬ್ಬಿಣದ ತೋಳುಗಳು; ಆ ತೋಳುಗಳ ಮೇಲೆ ಮುಂದಿನ ತುಂಡು, ಹಿಂದಿನ ತುಂಡು, ಮಾಡು, ಬದಿಯ ಪಟ್ಟಿಗಳು. ಎಂಜಿನ್ನಿನ ಮೇಲಿನ ಮುಚ್ಚಳವಂತೂ ಮಡ್‌ಗಾರ್ಡು ದೀಪಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ರೂಪ ಕೊಟ್ಟವನು ಟ್ಯೂರಿನ್ನಿನ ಮಿಕೆಲೊಟ್ಟಿ ಎಂಬ ಇಟಲಿಯವನು. 1959ರಲ್ಲಿ ಅಲ್ಲಿ ಹೊರಬಂದ ಈ ಕಾರನ್ನು 1961ರಿಂದ ನಮ್ಮ ಮದರಾಸಿನಲ್ಲಿಯೇ ಮಾಡತೊಡಗಿದರು. ಮದರಾಸಿನ ಆ ಕಾರಖಾನೆಯೂ ಈಗ ಇಲ್ಲ, ಕವೆಂಟ್ರಿಯ ಕಂಪನಿಯೂ ಇಲ್ಲ.

ಹೀಗಾಗಿ ಹೆರಾಲ್ಡ್ ಎಂಬುದು ಒಂದು ವಸ್ತುವಲ್ಲ, ಒಂದು ಒಪ್ಪಂದ. ತುಂಡುಗಳು ಒಂದಕ್ಕೊಂದು ಒಪ್ಪಿಕೊಂಡಿರುವವರೆಗೆ ಅದು ಕಾರು. ತುಂಡಿಗೂ ಚಾಸಿಗೂ ನಡುವೆ ತೆಳ್ಳನೆಯ ಬಿಲ್ಲೆಗಳನ್ನು ಇಟ್ಟು, ಒಂದು ಕಡೆ ಒಂದು ಹೆಚ್ಚು, ಇನ್ನೊಂದು ಕಡೆ ಒಂದು ಕಡಿಮೆ ಮಾಡಿ, ಬಾಗಿಲಿನ ಸುತ್ತಲಿನ ಸಂದು ಒಂದೇ ಅಳತೆಗೆ ಬರುವಂತೆ ಆ ಕಾಲದಲ್ಲಿ ಯಾರೋ ಕೂರಿಸಿದ್ದರು. ಆ ‘ಯಾರೋ’ ಎಂಬುವನ ವಿಷಯ ಮುಂದೆ ಬರುತ್ತದೆ.

ಬಿಚ್ಚಿ ನೋಡಿದಾಗ ಎಂಜಿನ್ನಿನಲ್ಲಿ ಹೇಳಿಕೊಳ್ಳುವ ತೊಂದರೆ ಇರಲಿಲ್ಲ. 948 ಸಿ.ಸಿ.ಯ ಆ ಸಣ್ಣ ಎಂಜಿನ್ನು ಇಪ್ಪತ್ತು ವರ್ಷ ನಿದ್ದೆ ಮಾಡಿ ಎದ್ದ ಮೇಲೂ ಸಭ್ಯವಾಗಿಯೇ ಗೊಣಗಿತು. ತೊಂದರೆಯೆಲ್ಲ ತಗಡಿನದು. ಬಾಗಿಲ ಕೆಳಗಿನ ಬದಿಪಟ್ಟಿಗಳು ತುಕ್ಕು ತಿಂದು ಜರಡಿಯಾಗಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದೆ, ಮದರಾಸಿಗೆ ಹೋದಾಗ ಪುದುಪೇಟೆಯ ಗುಜರಿಯಲ್ಲಿ ಅಲೆದೆ. ಅಲ್ಲಿ ಸಿಕ್ಕಿದ ಪಟ್ಟಿಗಳು ನಮ್ಮ ಪಟ್ಟಿಗಿಂತ ವೃದ್ಧರಾಗಿದ್ದವು. ಕೊನೆಗೆ ಇಂಗ್ಲೆಂಡಿನ ಒಂದು ಅಂಗಡಿಗೆ ಬರೆದು ತರಿಸಿದೆ. ಕಪ್ಪು ಬಣ್ಣ ಬಳಿದ ಹೊಚ್ಚ ಹೊಸ ಪಟ್ಟಿ, ಹೊಸ ರಬ್ಬರು, ಒಂದಷ್ಟು ಬೋಲ್ಟು. ಸುಂಕವೂ ಸಾಗಣೆಯೂ ಸೇರಿ ಅದರ ಬೆಲೆ ಎಷ್ಟಾಯಿತೆಂಬುದನ್ನು ನನ್ನ ಹೆಂಡತಿ ಈ ಪತ್ರಿಕೆಯನ್ನು ಓದುವ ಕಾರಣ ಇಲ್ಲಿ ಬರೆಯಲಾರೆ.

ಪಟ್ಟಿ ಕೂಡಲಿಲ್ಲ. ಆರು ತೂತುಗಳಲ್ಲಿ ನಾಲ್ಕು ಸೇರಿದವು, ಐದನೆಯದು ಅರ್ಧ ಸೇರಿತು, ಆರನೆಯದು ಬೇರೆಯೇ ದಿಕ್ಕನ್ನು ನೋಡುತ್ತಿತ್ತು. ಹೇಗೋ ಎಳೆದು ಬಿಗಿದರೆ ಬಾಗಿಲ ಹಿಂಬದಿಯ ಕೆಳಮೂಲೆ ಬಂದು ಪಟ್ಟಿಯ ಮೇಲೆ ಕೂತಿತು. ಬಾಗಿಲು ಮುಚ್ಚದು. ಮುಂದುಗಡೆ ಸಂದಿನಲ್ಲಿ ಬೆರಳು ತೂರುತ್ತದೆ, ಹಿಂದುಗಡೆ ಕಾಗದವೂ ತೂರದು. ಹೊಸ ರಬ್ಬರಿನ ಪಾಡೂ ಅಷ್ಟೆ: ಹಳೆಯದು ಸ್ಪಂಜಿನಂತೆ ಮೆದುವಾಗಿ ಅಮರುತ್ತಿತ್ತು, ಇದು ಚಪ್ಪಲಿಯ ಅಟ್ಟೆಯ ಹಾಗೆ ಎದೆಯೊಡ್ಡಿ ನಿಲ್ಲುತ್ತಿತ್ತು.

ಹೊಸ ಭಾಗ ಹಳೆಯ ಕಾರಿಗೆ ಕೂಡದಿರುವುದು ನನಗೊಬ್ಬನಿಗೇ ಬಂದ ಕಷ್ಟವಲ್ಲ. ಹಳೆಯ ಕಾರಿನವರು ಇಬ್ಬರು ಕಲೆತರೆ ಮೊದಲು ಆಡುವ ಮಾತೇ ಇದು. ಕಾರಣಗಳೂ ಇವೆ. ಮೂಲದ ಅಚ್ಚುಗಳು ಕಾರಖಾನೆಯೊಡನೆಯೇ ಗುಜರಿಗೆ ಹೋಗಿರುತ್ತವೆ. ಹೊಸದಾಗಿ ಮಾಡುವವನು ಎಲ್ಲಿಂದಲೋ ಒಂದು ಹಳೆಯ ಪಟ್ಟಿಯನ್ನು ತಂದು ಅದರ ಮೇಲೆ ಅಚ್ಚು ತೆಗೆಯುತ್ತಾನೆ. ಆ ಹಳೆಯ ಪಟ್ಟಿ ನಲವತ್ತು ವರ್ಷ ಯಾವ ಹಳ್ಳ ದಿಣ್ಣೆ ಕಂಡಿತ್ತೋ, ಯಾವ ಕಲ್ಲುಕಂಬಕ್ಕೆ ಮುತ್ತಿಟ್ಟಿತ್ತೋ, ಆ ಸೊಟ್ಟೂ ಅಚ್ಚಿನಲ್ಲಿ ಇಳಿಯುತ್ತದೆ. ತಗಡಿಗೆ ಅದರದೇ ಹಟವೂ ಉಂಟು: ಒತ್ತಿದಾಗ ಬಾಗುತ್ತದೆ, ಬಿಟ್ಟಾಗ ಕೂದಲೆಳೆಯಷ್ಟು ಹಿಂದಕ್ಕೆ ಮರಳುತ್ತದೆ, ಎಷ್ಟು ಮರಳುತ್ತದೆಂಬುದು ತಗಡಿನ ದಪ್ಪ, ಗಡಸು ಎಲ್ಲವನ್ನೂ ಅವಲಂಬಿಸಿದೆ. ಸಾವಿರಾರು ಬೇಕಾಗಿದ್ದಾಗ ಆ ಲೆಕ್ಕವನ್ನು ತಿದ್ದಿ ತಿದ್ದಿ ಅಚ್ಚು ಮಾಡುವುದು ಕಟ್ಟುತ್ತಿತ್ತು. ಈಗ ವರ್ಷಕ್ಕೆ ಬೆರಳೆಣಿಕೆಯಷ್ಟು ಕೊಳ್ಳುವ ನನ್ನಂಥವರಿಗಾಗಿ ಯಾರು ತಿದ್ದುತ್ತಾರೆ?

ಆದರೆ ಇದೆಲ್ಲಕ್ಕಿಂತ ಮೂಲದ ಒಂದು ಸಂಗತಿ ಇದೆ. ಅದು ತಿಳಿದ ದಿನ ನನ್ನ ತಲೆ ಸ್ವಲ್ಪ ತಿರುಗಿತು. ಒಂದು ಭಾಗವನ್ನು ತೆಗೆದು ಅದೇ ಬಗೆಯ ಇನ್ನೊಂದನ್ನು ಹಾಕಿದರೆ ಅದು ಕೂತುಕೊಳ್ಳಲೇಬೇಕು ಎಂದು ನಾವು ನಂಬಿದ್ದೇವೆ. ನಂಬಿಕೆ ಹಳೆಯದೇನಲ್ಲ. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೋಮೊಬೈಲ್ ಕ್ಲಬ್ಬಿನವರು ಅಮೆರಿಕದ ಕ್ಯಾಡಿಲಾಕ್ ಕಾರುಗಳನ್ನು ಒಂದು ಪರೀಕ್ಷೆಗೆ ಒಡ್ಡಿದರು. ಮೂರು ಕಾರುಗಳನ್ನು ಬ್ರೂಕ್‌ಲೆಂಡ್ಸ್ ಬಯಲಿಗೆ ತಂದು ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಾಗಿ ಕಲಸಿ, ಅದರಿಂದ 89 ಭಾಗಗಳನ್ನು ತೆಗೆದಿಟ್ಟು ಉಗ್ರಾಣದ ಹೊಸ ಭಾಗಗಳನ್ನು ಹಾಕಿ, ಮತ್ತೆ ಮೂರು ಕಾರು ಕಟ್ಟಿಸಿದರು. ಅರ ಮುಟ್ಟಿಸದೆಯೇ ಭಾಗಗಳು ಕೂತವು. ಒಂದರ ಬಣ್ಣ ಇನ್ನೊಂದರ ಮೈಮೇಲೆ, ವಿದೂಷಕರ ಅಂಗಿಯಂತೆ; ಆದರೂ ಮೂರೂ 500 ಮೈಲಿ ಓಡಿದವು. ಕ್ಯಾಡಿಲಾಕಿಗೆ ಡ್ಯೂಅರ್ ಪಾರಿತೋಷಕ ಬಂತು. ಅಂದಿನಿಂದ ಜಗತ್ತಿನಲ್ಲಿ ಯಾವ ಭಾಗವೂ ಅನಿವಾರ್ಯವಲ್ಲ ಎಂದಾಯಿತು.

ಇದು ಗಾಲಿ, ಹಲ್ಲುಚಕ್ರ, ಕಡಾಣಿಗಳ ಮಾತು. ಮೈಯ ತಗಡಿನಲ್ಲಿ ಈ ಧರ್ಮ ಅಷ್ಟು ಸುಲಭವಾಗಿ ನಡೆಯಲಿಲ್ಲ. ಹೆರಾಲ್ಡಿನ ಕಾಲದ ಕಾರಖಾನೆಗಳಲ್ಲಿಯೂ ಬಾಗಿಲು ತಾನಾಗಿಯೇ ಕೂತುಕೊಳ್ಳುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ ಮರದ ಕೊಡತಿ ಹಿಡಿದು ನಿಂತವನೊಬ್ಬ ತಟ್ಟಿ, ಬಗ್ಗಿಸಿ, ಬಿಲ್ಲೆ ಇಟ್ಟು, ಸೀಳಿದ್ದ ಕಡೆ ಸೀಸ ತುಂಬಿ, ಅರದಿಂದ ಉಜ್ಜಿ ಕೂರಿಸುತ್ತಿದ್ದ. ಅಂದರೆ ನನ್ನ ಕಾರಿನ ಬಾಗಿಲು ನನ್ನ ಕಾರಿಗೆ ಹೊಂದಿದ್ದು ಅದು ಸರಿಯಾಗಿ ಹುಟ್ಟಿದ್ದರಿಂದಲ್ಲ. 1965ರ ಒಂದು ಮಧ್ಯಾಹ್ನ ಮದರಾಸಿನ ಸೆಕೆಯಲ್ಲಿ ಹೆಸರಿಲ್ಲದ ಒಬ್ಬ ಮನುಷ್ಯ ಅರ್ಧ ಗಂಟೆಯೋ ಒಂದು ಗಂಟೆಯೋ ಅದರೊಡನೆ ಗುದ್ದಾಡಿದ್ದರಿಂದ. ನಾನು ‘ಮೂಲ’, ‘ಅಸಲು’ ಎಂದು ಪೂಜಿಸುತ್ತಿದ್ದ ಆ ಸಮನಾದ ಸಂದು ತಗಡಿನ ಗುಣವಲ್ಲ, ಅವನ ಕೈಯ ಗುಣ. ಅಂಗಡಿಯವನು ನನಗೆ ತಗಡನ್ನು ಕಳಿಸಿದ್ದ. ಆ ಅರ್ಧ ಗಂಟೆಯನ್ನು ಎಲ್ಲಿಂದ ಕಳಿಸಿಯಾನು?

ನನ್ನ ಪಾಲಿಗೆ ಆ ಅರ್ಧ ಗಂಟೆಯನ್ನು ಕೊಡಲು ಒಬ್ಬರು ಇದ್ದರು. ಅವರು ನಮ್ಮ ಮೇಸ್ತ್ರಿ. ಎಪ್ಪತ್ತರ ಹತ್ತಿರದ ಮುದುಕರು. ಟಿಂಕರ್ ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು; ತಂದೆಯ ಹೆಸರು ಹೇಳಿದ್ದಕ್ಕೆ ಬಂದರು. ಅವರು ಮಾತು ಕಡಿಮೆ, ನೋಟ ಹೆಚ್ಚು. ಬಾಗಿಲು ತಾಕಿದ್ದನ್ನು ಕಂಡು ಅವರು ಬಗ್ಗಿ ನೋಡಿದರು, ಎದ್ದು ನೋಡಿದರು, ಹಿಂದೆ ಹೋಗಿ ಒಂದು ಬೀಡಿ ಸೇದುವಷ್ಟು ಹೊತ್ತು ನೋಡಿದರು.

“ಪಟ್ಟೀದು ಸ್ವಲ್ಪ ತಪ್ಪೈತೆ. ಆದ್ರೆ ಇಷ್ಟು ತಪ್ಪು ಅದರದಲ್ಲ. ಮೈನ ಎತ್ತಿ ಕೆಳಗೆ ನೋಡ್ಬೇಕು. ಒಂದು ತಿಂಗಳು ಕೊಡಿ.”

ನನ್ನಲ್ಲಿ ತಿಂಗಳಿರಲಿಲ್ಲ. ತಾಯಿಗೆ ಎಪ್ಪತ್ತೆಂಟು, ಆ ವರ್ಷ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಮೆರಿಕದಿಂದ ತಂಗಿ ಹದಿನೈದು ದಿನಕ್ಕೆಂದು ಬರುವವಳಿದ್ದಳು. ಅವರಿಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದು ಸಲ ಚಾಮುಂಡಿ ಬೆಟ್ಟಕ್ಕೆ ಹೋಗಿಬರಬೇಕೆಂಬುದು ನನ್ನ ಆಸೆ. ಇದನ್ನು ನೆಪವೆಂದು ಹೇಳುತ್ತಿಲ್ಲ, ಆಸೆ ನಿಜವಾದದ್ದು. ಅಷ್ಟೇ ನಿಜವಾದದ್ದು ಇನ್ನೊಂದು: ಆ ಹೊತ್ತಿಗೆ ನನಗೆ ಆ ಪಟ್ಟಿಯ ಮೇಲೆ ಸಿಟ್ಟು ಬಂದಿತ್ತು. ಬೆಲೆ ಕೊಟ್ಟು ತರಿಸಿದ ವಸ್ತು ನನ್ನನ್ನು ಅಣಕಿಸುತ್ತಿದೆ ಎನ್ನಿಸಿತ್ತು. “ಕತ್ತರಿಸಿ” ಎಂದೆ.

“ಯಾವುದನ್ನ?”

ಪಟ್ಟಿಯ ಮೇಲುತುದಿ ಒಳಕ್ಕೆ ಮಡಿಚಿದ ಅಂಚು. ಅದನ್ನು ಕತ್ತರಿಸಿದರೆ ಪಟ್ಟಿಯೇ ಕೆಡುತ್ತದೆ, ಇನ್ನೊಂದನ್ನು ತರಿಸಬೇಕು, ಮತ್ತೆ ಎರಡು ತಿಂಗಳು. ಬಾಗಿಲಾದರೆ ಕೆಳಮೂಲೆಯಲ್ಲಿ ಅರ್ಧ ಅಂಗುಲ ತೆಗೆದು ಉಜ್ಜಿದರೆ ಹೊರಗಿನವರಿಗೆ ಕಾಣದು. ನಾನು ಬಾಗಿಲನ್ನು ತೋರಿಸಿದೆ.

ಮೇಸ್ತ್ರಿ ಒಪ್ಪಲಿಲ್ಲ. “ಹೊಸದನ್ನ ಕುಯ್ದರೆ ಹೊಸದು ಬರ್ತದೆ ಸ್ವಾಮಿ. ಹಳೇದನ್ನ ಕುಯ್ದರೆ ಏನು ಬರ್ತದೆ?” ಎಂದರು. ನಾನು ತರ್ಕ ಹೂಡಿದೆ. ತರ್ಕ ಮಾಡುವುದು ನನ್ನ ಕಸುಬು; ಸಂಬಳ ತೆಗೆದುಕೊಂಡು ಮಾಡುತ್ತೇನೆ. ಕಾರು ಬಳಕೆಗೋ ಪೂಜೆಗೋ? ಮುಚ್ಚದ ಅಸಲು ಬಾಗಿಲಿಗಿಂತ ಮುಚ್ಚುವ ಮೊಟಕು ಬಾಗಿಲು ಮೇಲಲ್ಲವೆ? ತಂದೆಯೇ ಇದ್ದಿದ್ದರೆ ಏನು ಮಾಡುತ್ತಿದ್ದರು? ಅವರ ಹೆಸರನ್ನು ಎತ್ತಿದ ಮೇಲೆ ಮುದುಕರು ಸುಮ್ಮನಾದರು. ಅವರು ಮಾಡಲಿಲ್ಲ, ಅವರ ಹುಡುಗ ಮಾಡಿದ. ಕತ್ತರಿಸುವ ಯಂತ್ರ ಎರಡು ನಿಮಿಷ ಕೂಗಿತು. ಬಾಗಿಲು ಮುಚ್ಚಿತು.

ನಾಲ್ಕು ತಿಂಗಳ ಮೇಲೆ ಬೇರೇನೋ ಸದ್ದಿನ ಕಾರಣ ಕಾರನ್ನು ಎತ್ತಿದಾಗ ಮೇಸ್ತ್ರಿ ಕರೆದು ಟಾರ್ಚು ಹಿಡಿದು ತೋರಿಸಿದರು. ಮುಂದಿನ ತುಂಡಿನ ಹಿಂತುದಿಯನ್ನು ಹೊತ್ತಿದ್ದ ಚಾಸಿಯ ತೋಳು ಒಳಗೊಳಗೇ ತುಕ್ಕು ಹಿಡಿದು ಕುಸಿದಿತ್ತು. ಬಾಗಿಲ ಕೀಲು ಇರುವುದು ಆ ತುಂಡಿಗೆ. ತೋಳು ಬಗ್ಗಿತು, ತುಂಡು ವಾಲಿತು, ಬಾಗಿಲು ಹಿಂದುಗಡೆ ಜೋತುಬಿತ್ತು. ವರ್ಷಗಳಿಂದ ಹಾಗೆಯೇ ಜೋತುಬಿದ್ದಿತ್ತು. ಹಳೆಯ ಪಟ್ಟಿ ತುಕ್ಕು ತಿಂದು ಮೆತ್ತಗಾಗಿ ಅದಕ್ಕೆ ಜಾಗ ಬಿಟ್ಟುಕೊಟ್ಟದ್ದರಿಂದ ನಮಗೆ ತಿಳಿದಿರಲಿಲ್ಲ. ಹೊಸ ಪಟ್ಟಿ ಗಟ್ಟಿಯಾಗಿತ್ತು, ಜಾಗ ಬಿಡಲಿಲ್ಲ. ನಾನು ಅದನ್ನು ಅಹಂಕಾರವೆಂದು ಓದಿಕೊಂಡೆ. ತೋಳಿಗೆ ಹೊಸ ಕಬ್ಬಿಣ ಬೆಸೆದು, ಎರಡು ಬಿಲ್ಲೆ ಇಟ್ಟು ಎತ್ತಿದಾಗ ಬಾಗಿಲು ತನ್ನ ಜಾಗಕ್ಕೆ ಏರಿತು. ಸುತ್ತಲೂ ಸಂದು ಒಂದೇ ಅಳತೆ, 1965ರ ಹಾಗೆ. ಹಿಂಬದಿಯ ಕೆಳಮೂಲೆಯಲ್ಲಿ ಮಾತ್ರ ಬೆರಳು ತೂರುವಷ್ಟು ಬಾಯಿ ತೆರೆದುಕೊಂಡಿತು. ಮೇಸ್ತ್ರಿ ಏನೂ ಅನ್ನಲಿಲ್ಲ. ಟಾರ್ಚು ಆರಿಸಿದರು.

ಇದರಲ್ಲಿ ನನಗೆ ಹೆಚ್ಚು ನಾಚಿಕೆಯಾಗುವುದೇಕೆಂದರೆ ಈ ಪಾಠವನ್ನು ನಾನು ಆಗಲೇ ಒಂದು ಸಲ ಕಲಿತಿದ್ದೆ. ಎಂ.ಎ. ಮುಗಿಸಿದ ಹೊಸತರಲ್ಲಿ ಓಲೆಗರಿಯ ಪ್ರತಿಯೊಂದನ್ನು ನಕಲು ಮಾಡುವ ಕೆಲಸಕ್ಕೆ ಕೂತಿದ್ದೆ. ಒಂದು ಕಂದಪದ್ಯದಲ್ಲಿ ಒಂದು ಮಾತ್ರೆ ಹೆಚ್ಚಾಗಿ ಬರುತ್ತಿತ್ತು. ಎಷ್ಟು ಎಣಿಸಿದರೂ ಹೆಚ್ಚು. ಲಿಪಿಕಾರ ತೂಕಡಿಸಿದ್ದಾನೆ ಎಂದು ತೀರ್ಮಾನಿಸಿ, ಆ ಶಬ್ದವನ್ನು ತೆಗೆದು ಅದೇ ಅರ್ಥದ, ಲೆಕ್ಕಕ್ಕೆ ಸರಿಯಾಗುವ ಬೇರೊಂದು ಶಬ್ದವನ್ನು ಹಾಕಿದೆ. ಬಹಳ ಚೆನ್ನಾಗಿ ಕೂತಿತು. ನನ್ನ ಗುರುಗಳು ಅದನ್ನು ನೋಡಿ, “ಪ್ರತಿ ತಪ್ಪಿತೋ, ನಿನ್ನ ಎಣಿಕೆ ತಪ್ಪಿತೋ ನೋಡಿದೆಯಾ?” ಎಂದರು. ನೋಡಿರಲಿಲ್ಲ. ಅಲ್ಲಿದ್ದದ್ದು ಶಿಥಿಲದ್ವಿತ್ವ. ಹಳಗನ್ನಡದ ಕೆಲವು ಶಬ್ದಗಳಲ್ಲಿ ಒತ್ತಕ್ಷರವನ್ನು ಸಡಿಲಾಗಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜ ತನ್ನ ವ್ಯಾಕರಣದಲ್ಲಿ ಇದನ್ನು ಹೇಳಿದ್ದಾನೆ. ನಾನು ಪರೀಕ್ಷೆಗೆ ಓದಿ ನಂಬರನ್ನೂ ತೆಗೆದುಕೊಂಡಿದ್ದೆ. ಪದ್ಯ ಸರಿಯಾಗಿತ್ತು. ಅದನ್ನು ಅಳೆಯಲು ಹೋದ ಕಿವಿ ಸಾವಿರ ವರ್ಷ ಈಚಿನದಾಗಿತ್ತು. ಅದೃಷ್ಟವಶಾತ್ ನಾನು ತಿದ್ದಿದ್ದು ಕಾಗದದ ಮೇಲೆ, ಓಲೆಗರಿಯ ಮೇಲಲ್ಲ. ಗ್ರಂಥಸಂಪಾದಕನಿಗೆ ಇರುವ ಸೌಕರ್ಯ ಇದು: ತನ್ನ ತಿದ್ದುಪಡಿಯನ್ನು ಕಂಸದಲ್ಲಿ ಹಾಕಿ, ಮೂಲದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸಬಹುದು. ಮುಂದೆ ಬರುವ ಜಾಣ ಅದನ್ನು ಮತ್ತೆ ಮೇಲಕ್ಕೆ ತರಬಹುದು. ಬಾಗಿಲಿಗೆ ಅಡಿಟಿಪ್ಪಣಿ ಎಲ್ಲಿ?

ಹೊಂದಿಕೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಬಳಸುವುದು ಕಾರಿನ ವಿಷಯದಲ್ಲಲ್ಲ, ಸೊಸೆಯ ವಿಷಯದಲ್ಲಿ. ಹೊಸದಾಗಿ ಬಂದವಳು ಹೊಂದಿಕೊಂಡು ಹೋಗಬೇಕು. ಬಾಗಿಲು ತಾಕಿದರೆ ತಪ್ಪು ಅವಳದೇ. ಅವಳು ಬರುವ ಮೊದಲೇ ಮನೆ ಎತ್ತ ವಾಲಿತ್ತು, ಯಾವ ಹಳೆಯ ಜೀವ ತುಕ್ಕಾಗಿ ಮೆತ್ತಗಾಗಿ ಜಾಗ ಬಿಟ್ಟುಕೊಟ್ಟಿತ್ತು ಎಂದು ಯಾರೂ ಕೆಳಗೆ ಬಗ್ಗಿ ನೋಡುವುದಿಲ್ಲ. ಈ ಮಾತನ್ನು ಮನೆಯಲ್ಲಿ ಆಡಿದಾಗ ನನ್ನ ಹೆಂಡತಿ, “ಇದನ್ನು ತಿಳಿಯಲು ಇಂಗ್ಲೆಂಡಿನಿಂದ ತಗಡು ತರಿಸಬೇಕಾಗಿತ್ತೆ?” ಎಂದಳು.

ವೇದಾಂತಿಗಳು ಈ ಕಡೆಗೆ ಗಮನ ಕೊಟ್ಟಂತೆ ಕಾಣುವುದಿಲ್ಲ. ಅವರಿಗೆ ಇರುವುದು ಬೇರೆಯ ಚಿಂತೆ: ಭಾಗಗಳೆಲ್ಲ ಬದಲಾದ ಮೇಲೆ ವಸ್ತು ಅದೇಯೋ ಬೇರೆಯೋ? ಭಿಕ್ಷು ನಾಗಸೇನ ಮಿಲಿಂದ ರಾಜನನ್ನು, “ನೀನು ರಥದಲ್ಲಿ ಬಂದೆ ಎನ್ನುತ್ತೀಯಲ್ಲ, ಗಾಲಿ ರಥವೆ? ಅಚ್ಚು ರಥವೆ? ನೊಗ ರಥವೆ?” ಎಂದು ಕೇಳಿ ಬಾಯಿ ಕಟ್ಟಿಸಿದ್ದು ಪ್ರಸಿದ್ಧವಾಗಿದೆ. ಕಾರಿನ ವಿಷಯದಲ್ಲಿಯೇ ಇಂಥ ಮೊಕದ್ದಮೆಯೊಂದು 1990ರಲ್ಲಿ ಲಂಡನ್ನಿನ ಹೈಕೋರ್ಟಿಗೆ ಬಂತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲೆ ಕಾರು, 1929 ಮತ್ತು 1930ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದದ್ದು, ಒಂದು ಕೋಟಿ ಪೌಂಡಿಗೆ ಮಾರಾಟವಾಗುವುದರಲ್ಲಿತ್ತು. ಗೆದ್ದ ಕಾರಿನದೆನ್ನುವ ಭಾಗ ಅದರಲ್ಲಿ ಉಳಿದಿರುವುದು ಅತ್ಯಲ್ಪ, ಆದ್ದರಿಂದ ಇದು ಆ ಕಾರೇ ಅಲ್ಲ ಎಂದು ಕೊಳ್ಳುವವರು ಹಿಂಜರಿದರು. ನ್ಯಾಯಾಧೀಶರು, ಭಾಗಗಳು ಹೋಗಿರಬಹುದು, ಆದರೆ ಈ ಕಾರಿನ ಬಾಳು ನಡುವೆ ಎಲ್ಲಿಯೂ ಕಡಿಯದೆ ಒಂದೇ ಎಳೆಯಾಗಿ ಬಂದಿದೆ, ಹೆಸರು ಇದಕ್ಕೇ ಸಲ್ಲುತ್ತದೆ ಎಂಬ ಅಭಿಪ್ರಾಯದಿಂದ ಮಾರುವವನ ಕಡೆಗೆ ತೀರ್ಪು ಕೊಟ್ಟರು. ನನಗೆ ಆ ತೀರ್ಪು ಒಪ್ಪಿಗೆಯೇ. ಆದರೆ ನಾಗಸೇನನಾಗಲಿ ನ್ಯಾಯಾಧೀಶರಾಗಲಿ ಗಾಲಿ ಅಚ್ಚಿಗೆ ಸರಿಯಾಗಿ ಕೂತಿತ್ತೆ, ಬಾಗಿಲು ಹಾಕಿದರೆ ಮುಚ್ಚುತ್ತಿತ್ತೆ ಎಂದು ಕೇಳಿದಂತಿಲ್ಲ. ಅದೇಯೋ ಬೇರೆಯೋ ಎಂಬ ಪ್ರಶ್ನೆಗೆ ಕೂತಲ್ಲಿಯೇ ಉತ್ತರ ಹೇಳಬಹುದು. ಹೊಸದೂ ಹಳೆಯದೂ ತಾಕಿದಾಗ ಯಾವುದನ್ನು ಕುಯ್ಯಬೇಕು ಎಂಬುದಕ್ಕೆ ಕೈಯಲ್ಲಿ ಯಂತ್ರ ಹಿಡಿದು ಉತ್ತರ ಹೇಳಬೇಕಾಗುತ್ತದೆ.

ಹೊಸದನ್ನೇ ಕುಯ್ಯಬೇಕು ಎಂಬ ಮೇಸ್ತ್ರಿಯ ಮಾತನ್ನು ಸೂತ್ರವಾಗಿ ಹಿಡಿಯೋಣವೆಂದರೆ ಅದೂ ಪೂರ್ತಿ ನಿಲ್ಲುವುದಿಲ್ಲ. ನಮ್ಮ ಪ್ರಸಂಗದಲ್ಲಿ ಪಟ್ಟಿಯನ್ನು ಕುಯ್ದಿದ್ದರೆ ಅದೂ ತಪ್ಪೇ ಆಗುತ್ತಿತ್ತು, ಕುಸಿದಿದ್ದದ್ದು ಹಳೆಯದು. ಮೇಸ್ತ್ರಿ ಕೇಳಿದ್ದು ಇದನ್ನು ಕುಯ್ಯಿ, ಅದನ್ನು ಬಿಡು ಎಂದಲ್ಲ, ಒಂದು ತಿಂಗಳು ಕೊಡಿ ಎಂದು. ಅವರ ಬಳಿ ಇದ್ದ ತತ್ತ್ವವೆಲ್ಲ ಆ ಒಂದು ತಿಂಗಳಲ್ಲಿತ್ತು. ಆದರೆ ನನ್ನ ತಾಯಿಯ ವಯಸ್ಸಿಗೆ ಆ ತಿಂಗಳು ಅಗ್ಗವಾಗಿರಲಿಲ್ಲ ಎಂಬುದನ್ನೂ ನಾನು ಮರೆಯಲಾರೆ. ಈಗಲೂ ಯಾರಾದರೂ ನನ್ನನ್ನು ಆ ಬೆಳಗ್ಗೆಗೆ ಹಿಂದಿರುಗಿಸಿದರೆ ಏನು ಮಾಡುತ್ತೇನೆಂದು ಎದೆ ತಟ್ಟಿ ಹೇಳಲಾರೆ.

ಬೆಟ್ಟಕ್ಕೆ ಹೋದೆವು, ಅದನ್ನು ಹೇಳಬೇಕು. ತಂಗಿ ಹಿಂದೆ, ತಾಯಿ ಮುಂದೆ. ಕುಯ್ದ ಬಾಗಿಲು ತಾಯಿಯ ಕಡೆಯದೇ. ಅವರು ಅದನ್ನು ಗಮನಿಸಲಿಲ್ಲ. ಹೊಸ ಬಣ್ಣವನ್ನು ಸವರಿ ನೋಡಿದರು, ಸೀಟು ಚೆನ್ನಾಗಿದೆ ಎಂದರು. ಮೊದಲ ತಿರುವಿನಲ್ಲಿ ನಾನು ಹಾರನ್ನು ಒತ್ತಿದೆ. ತಾಯಿ ತಿರುಗಿ, “ಹಾರನ್ನು ಬದಲಾಯಿಸಿದೆಯೇನೋ?” ಎಂದರು.

ಬದಲಾಯಿಸಿದ್ದೆ. ತಂದೆಯ ಕಾಲದಲ್ಲಿ ಹೆರಾಲ್ಡಿನ ಹಾರನ್ನು ಕೆಟ್ಟು, ಅದಕ್ಕೆ ಸರಿಯಾದದ್ದು ಊರಲ್ಲೆಲ್ಲ ಸಿಕ್ಕದೆ, ಅವರು ಯಾವುದೋ ಫಿಯೆಟ್ಟಿನ ಹಾರನ್ನನ್ನು ತಂದು, ಅದರ ಕಾಲು ಇದಕ್ಕೆ ಕೂಡದೆ, ಪಟ್ಟಿ ಕಬ್ಬಿಣದ ತುಂಡೊಂದನ್ನು ಬಗ್ಗಿಸಿ ತಾವೇ ಕೂರಿಸಿದ್ದರು. ಆ ಕಾಲದ ಕಾರುಗಳೆಲ್ಲ ಹಾಗೆಯೇ ಬದುಕಿದವು; ಅಂಬಾಸಡರಿನದು ಜೀಪಿಗೆ, ಜೀಪಿನದು ಲಾರಿಗೆ. ನಾನು ಶಾಸ್ತ್ರೋಕ್ತವಾಗಿ ಆ ಅಪಭ್ರಂಶವನ್ನು ತೆಗೆದು, ಹೆರಾಲ್ಡಿನದೇ ಆದ ಹಾರನ್ನನ್ನು ಬಹಳ ಹುಡುಕಿ ತಂದು ಹಾಕಿದ್ದೆ. ಅದು ತನ್ನ ಜಾಗದಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತಿತ್ತು. ಇಡೀ ಕಾರಿನಲ್ಲಿ ನನಗೆ ತೊಂದರೆ ಕೊಡದೆ ಕೂತ ಭಾಗವೆಂದರೆ ಅದೊಂದೇ. ತಾಯಿ ಇಪ್ಪತ್ತಮೂರು ವರ್ಷ ಸಂಜೆ ಅಡುಗೆಮನೆಯಿಂದ ಕೇಳಿಸಿಕೊಂಡದ್ದು ಆ ಫಿಯೆಟ್ಟಿನ ದನಿ. ಬೆಟ್ಟದಿಂದ ಇಳಿದ ಮರುದಿನ ಅದನ್ನು ಡಬ್ಬದಿಂದ ತೆಗೆದು, ಆ ಬಗ್ಗಿಸಿದ ಕಬ್ಬಿಣದ ಸಮೇತ, ಮತ್ತೆ ಹಾಕಿದೆ. ಹಾಕುವಾಗ ಒಂದು ಬೋಲ್ಟು ಓರೆಯಾಗಿಯೇ ಹೋಯಿತು. ತಂದೆಯ ಕೈಯಲ್ಲಿಯೂ ಹಾಗೆಯೇ ಹೋಗಿತ್ತೆಂದು ಗುರುತು ಹೇಳುತ್ತಿತ್ತು.

ಬಾಗಿಲಿಗೆ ಅಂಥ ಉಪಾಯ ಇಲ್ಲ. ಆ ಮೂಲೆಗೆ ತಗಡಿನ ಚೂರು ಬೆಸೆದು, ಮೇಲೆ ಪುಟ್ಟಿ ಎಳೆದು, ಬಣ್ಣ ಹೊಡೆದರೆ ದೇವರಿಗೂ ತಿಳಿಯದ ಹಾಗೆ ಮಾಡಿಕೊಡುತ್ತೇನೆ ಎಂದು ಮೇಸ್ತ್ರಿಯ ಹುಡುಗ ಹೇಳುತ್ತಾನೆ. ಮೇಸ್ತ್ರಿ ಮಾಡು ಎಂದೂ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಕುಯ್ದ ದಿನ ಕೆಳಗೆ ಬಿದ್ದ ಚೂರನ್ನು ಅವರೇ ಎತ್ತಿ, ಒರೆಸಿ, ನನ್ನ ಕೈಗೆ ಕೊಟ್ಟಿದ್ದರು. ಒಂದು ಕಡೆ ಅರ್ಧ ಅಂಗುಲ, ಇನ್ನೊಂದು ಕಡೆ ಏನೂ ಇಲ್ಲದ ಹಾಗೆ ಸಣ್ಣಗಾಗುವ, ಬಿದಿಗೆಯ ಚಂದ್ರನಂಥ ಚೂರು. ಒಂದು ಮೈಮೇಲೆ ತಂದೆ ಹೊಡೆಸಿದ ನೀಲಿ ಬಣ್ಣ ಇನ್ನೂ ಇದೆ. ಉತ್ತರಪತ್ರಿಕೆಗಳ ಜೊತೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೆ. ಕಳೆದ ಭಾನುವಾರ ಅದನ್ನೇ ಬೆಸೆಸಿಬಿಡೋಣ, ಅಸಲಿಗೆ ಅಸಲು, ಎಂದು ಶೆಡ್ಡಿಗೆ ತೆಗೆದುಕೊಂಡು ಹೋಗಿ ಬಾಗಿಲ ಮೂಲೆಗೆ ಹಿಡಿದು ನೋಡಿದೆ. ಕುಯ್ಯುವ ಚಕ್ರ ತಿಂದಷ್ಟು, ಒಂದು ಮಿಲಿಮೀಟರು, ಕಡಿಮೆ ಬರುತ್ತದೆ.